ಚಾರಣಕ್ಕೆ ಹೊರಟಿದ್ದೀರಾ? ದೇಹದ ಮಾತು ಕೇಳಿಸಿಕೊಳ್ಳಿ

ಹಿಂದೆ ನಮ್ಮ ಮನೆಗಳಲ್ಲಿ ಪ್ರವಾಸವೆಂದರೆ ಮೈಸೂರು, ಊಟಿ ಅಥವಾ ದೂರದ ಬಂಧುಗಳ ಮನೆ. ಈಗ ಕಾಲ ಬದಲಾಗಿದೆ. ಕಾಲೇಜಿಗೆ ಹೋಗುವ ಮಕ್ಕಳು ಶನಿವಾರ ರಾತ್ರಿ ಬಸ್ಸು ಹತ್ತಿದರೆ ಭಾನುವಾರ ಬೆಳಗ್ಗೆ ಕುದುರೆಮುಖದ ಬುಡದಲ್ಲಿರುತ್ತಾರೆ. ಬೇಸಿಗೆ ರಜೆ ಬಂದರೆ ಇಡೀ ಕುಟುಂಬ ಕಾಶ್ಮೀರಕ್ಕೆ, ಲಡಾಖ್‌ಗೆ ಪ್ಯಾಕೇಜ್ ಬುಕ್ ಮಾಡುತ್ತದೆ. ಇದು ಒಳ್ಳೆಯ ಬೆಳವಣಿಗೆಯೇ. ನಾಲ್ಕು ಗೋಡೆಯೊಳಗೆ ಮೊಬೈಲ್ ಹಿಡಿದು ಕೂರುವ ಮಕ್ಕಳು ಕಾಡಿನಲ್ಲಿ ನಡೆದರೆ, ತಾಯಂದಿರು ಅಡುಗೆಮನೆ ಬಿಟ್ಟು ಬೆಟ್ಟದ ಗಾಳಿ ಕುಡಿದರೆ ವೈದ್ಯನಾದ ನನಗೆ ಸಂತೋಷ.

ಆದರೆ ಬೆಟ್ಟಕ್ಕೆ ಹೋಗಿ ಬಂದ ಮೇಲೆ ಕ್ಲಿನಿಕ್ಕಿಗೆ ಬರುವವರನ್ನೂ ನಾನು ನೋಡುತ್ತೇನೆ. ಅವರಲ್ಲಿ ಹೆಚ್ಚಿನವರದ್ದು ಒಂದೇ ಕಥೆ. ಮೊದಲ ದಿನವೇ ಏನೋ ಸರಿಯಿಲ್ಲ ಅನಿಸಿತ್ತು. ಸ್ವಲ್ಪ ತಲೆನೋವು, ಸ್ವಲ್ಪ ಜ್ವರ, ಕಾಲಿನಲ್ಲಿ ಒಂದು ಗುಳ್ಳೆ. ಎಲ್ಲರ ಖುಷಿ ಹಾಳಾಗುತ್ತದೆಂದು ಬಾಯಿ ಬಿಡಲಿಲ್ಲ. ಹಾಗೆ ಮುಚ್ಚಿಟ್ಟದ್ದು ಮೂರನೆಯ ದಿನ ದೊಡ್ಡದಾಯಿತು. ಬೆಟ್ಟದ, ಕಾಡಿನ ಕಾಯಿಲೆಗಳು ಸಾಮಾನ್ಯವಾಗಿ ಒಮ್ಮೆಲೇ ಎರಗುವುದಿಲ್ಲ. ಮೊದಲು ಸಣ್ಣ ದನಿಯಲ್ಲಿ ಎಚ್ಚರಿಸುತ್ತವೆ. ಆ ದನಿಯನ್ನು ಗುರುತಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಎರಡು ರೀತಿಯ ಜಾಗ, ಎರಡು ರೀತಿಯ ಅಪಾಯ

ನಮ್ಮ ಪಶ್ಚಿಮ ಘಟ್ಟ ಮತ್ತು ಉತ್ತರದ ಹಿಮಾಲಯ ಎರಡನ್ನೂ ನಾವು 'ಬೆಟ್ಟ' ಎಂದೇ ಕರೆಯುತ್ತೇವೆ. ದೇಹಕ್ಕೆ ಮಾತ್ರ ಅವು ಬೇರೆ ಬೇರೆ ಲೋಕಗಳು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಕುಮಾರ ಪರ್ವತ 1,712 ಮೀಟರ್. ಈ ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆಯಾಗುವುದಿಲ್ಲ. ಇಲ್ಲಿನ ಅಪಾಯಗಳು ತೇವ, ಮಳೆ, ಹುಳು, ಹಳ್ಳದ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಲೇಹ್ ಪಟ್ಟಣ ಇದಕ್ಕೆ ತದ್ವಿರುದ್ಧ. ಸುಮಾರು 3,500 ಮೀಟರ್ ಎತ್ತರದ ಒಣ, ತಣ್ಣನೆಯ ನೆಲ. ಅಲ್ಲಿ ಹುಳುಗಳ ಕಾಟ ಕಡಿಮೆ, ಆದರೆ ಗಾಳಿಯೇ ತೆಳು.

ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಅಂಶಗಳನ್ನು ಹೇಳಲಾಗಿದೆ. ಇವುಗಳಿಗೆ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂದು ಹೆಸರು. ಗಾಳಿ, ಅನ್ನಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದುದು ಮತ್ತು ಒಳಗೆ ಉಳಿಯಬೇಕಾದುದು. ಚಾರಣಕ್ಕೆ ಹೋದಾಗ ಈ ಆರೂ ಒಟ್ಟಿಗೆ ಬದಲಾಗುತ್ತವೆ. ಮನೆಯಲ್ಲಿ ಒಂದು ಬದಲಾದರೆ ದೇಹ ಸುಧಾರಿಸಿಕೊಳ್ಳುತ್ತದೆ. ಆರೂ ಒಂದೇ ದಿನ ಬದಲಾದರೆ ಅದಕ್ಕೆ ಸಮಯ ಬೇಕು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಪ್ರಯಾಣಿಕರ ಆರೋಗ್ಯಕ್ಕೆಂದೇ ಪ್ರತ್ಯೇಕ ಅಧ್ಯಾಯಗಳನ್ನು ಬರೆದದ್ದು ಇದೇ ಕಾರಣಕ್ಕೆ.

ಹೊರಡುವ ಮೊದಲು

ಹಜ್ಜ್ ಅಥವಾ ಉಮ್ರಾಗೆ ಹೊರಡುವವರು ಎರಡು ತಿಂಗಳು ಮೊದಲೇ ನಡಿಗೆಯ ಅಭ್ಯಾಸ ಮಾಡುತ್ತಾರೆ, ವೈದ್ಯರ ಬಳಿ ತಪಾಸಣೆಗೆ ಹೋಗುತ್ತಾರೆ. ಬೆಟ್ಟ ಹತ್ತುವವರು ಮಾತ್ರ ಶುಕ್ರವಾರದವರೆಗೆ ಕಚೇರಿಯ ಕುರ್ಚಿಯಲ್ಲಿ ಕೂತು ಭಾನುವಾರ 20 ಕಿಲೋಮೀಟರ್ ನಡೆಯಲು ಹೊರಡುತ್ತಾರೆ. ಮೊಣಕಾಲು ನೋವು, ಮಾಂಸಖಂಡದ ಸೆಳೆತ, ದಾರಿ ಮಧ್ಯೆ ತಲೆಸುತ್ತು, ಇವೆಲ್ಲ ಅದರ ಫಲ.

ಕನಿಷ್ಠ ನಾಲ್ಕರಿಂದ ಆರು ವಾರ ಮೊದಲು ತಯಾರಿ ಶುರು ಮಾಡಿ. ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ ಚುರುಕಾಗಿ ನಡೆಯಿರಿ. ಎರಡನೆಯ ವಾರದಿಂದ ಮೆಟ್ಟಿಲು ಹತ್ತಿ ಇಳಿಯುವುದನ್ನು ಸೇರಿಸಿ. ಹತ್ತುವಾಗ ದಣಿಯುವುದು ಶ್ವಾಸಕೋಶ ಮತ್ತು ಹೃದಯ. ಇಳಿಯುವಾಗ ಪೆಟ್ಟು ಬೀಳುವುದು ಮೊಣಕಾಲಿಗೆ. ಆದ್ದರಿಂದ ಇಳಿಯುವ ಅಭ್ಯಾಸವೂ ಬೇಕು. ಕೊನೆಯ ಎರಡು ವಾರ, ಬೆಟ್ಟಕ್ಕೆ ಹಾಕಿಕೊಳ್ಳುವ ಅದೇ ಶೂ ಧರಿಸಿ, ಅದೇ ಚೀಲ ಹೊತ್ತು ನಡೆಯಿರಿ. ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಹೋಗಲೇಬೇಡಿ.

ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ವೈದ್ಯರಿಗೆ ಹೋಗುವ ಜಾಗದ ಹೆಸರು ಮತ್ತು ಎತ್ತರವನ್ನು ಹೇಳಿ ಸಲಹೆ ಪಡೆಯಿರಿ. 'ಟೂರ್ ಹೋಗುತ್ತೇನೆ' ಎಂದಷ್ಟೇ ಹೇಳಿದರೆ ಸಾಲದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದು ಕಡಿಮೆ ಇದ್ದಾಗ ತೆಳು ಗಾಳಿಯ ಜಾಗಕ್ಕೆ ಹೋದರೆ ಕಷ್ಟ ಎರಡು ಪಟ್ಟು. ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿಕೊಂಡೇ ಹೊರಡಿ. ಗರ್ಭಿಣಿಯರು ಲಡಾಖ್‌ನಂತಹ ಎತ್ತರದ ಪ್ರವಾಸವನ್ನು ಮುಂದೂಡುವುದು ಕ್ಷೇಮ.

ಮಳೆಕಾಡಿನಲ್ಲಿ ಇಂಬಳ

ಘಟ್ಟದ ಕಾಡಿಗೆ ಹೋದವರು ಮೊದಲು ಹೆದರುವುದು ಇಂಬಳಕ್ಕೆ. ಕೆಲವೆಡೆ ಉಂಬಳ, ಜಿಗಣೆ ಎಂದೂ ಕರೆಯುತ್ತಾರೆ. ನಿಜವಾಗಿ ನೋಡಿದರೆ ಕಾಡಿನ ಅಪಾಯಗಳಲ್ಲಿ ಇದು ಬಹಳ ಚಿಕ್ಕದು. ಯುನಾನಿಯಲ್ಲಿ ಜಿಗಣೆಯನ್ನು ಚಿಕಿತ್ಸೆಗೇ ಬಳಸುತ್ತೇವೆ. 'ಇರ್ಸಾಲೆ ಅಲಕ್' ಎನ್ನುವ ಈ ಚಿಕಿತ್ಸೆಗೆ ಶುದ್ಧ ನೀರಿನಲ್ಲಿ ಸಾಕಿದ ಬೇರೆ ಜಾತಿಯ ಜಿಗಣೆ ಬೇಕು. ಕಾಡಿನ ಇಂಬಳ ಕಚ್ಚಿದರೆ ಕೆಟ್ಟ ರಕ್ತ ಹೋಯಿತೆಂದು ಸಮಾಧಾನಪಡಬೇಡಿ, ಅದು ಚಿಕಿತ್ಸೆಯಲ್ಲ.

ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಹಾಗಾಗಿ ಅದು ಬಿದ್ದುಹೋದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗಬಹುದು. ಗಾಬರಿ ಬೇಡ. ಕಚ್ಚಿಕೊಂಡಿದ್ದರೆ ಎಳೆದು ಕೀಳಬೇಡಿ, ಬೆಂಕಿ ತಾಗಿಸಬೇಡಿ. ಸಣ್ಣ ತುದಿಯಲ್ಲಿ ಬಾಯಿ ಇರುತ್ತದೆ. ಅದರ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಮೆಲ್ಲಗೆ ಜಾರಿಸಿದರೆ ಬಿಡುತ್ತದೆ. ಅನಂತರ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ. ಸೋಪಿನಿಂದ ತೊಳೆದು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವ ಹಿರಿಯರು ಮಾತ್ರ ಇಂಬಳದ ಕಾಲದಲ್ಲಿ ಕಾಡಿಗೆ ಹೋಗದಿರುವುದು ಒಳ್ಳೆಯದು.

ಹಳ್ಳದ ನೀರಿನಲ್ಲಿರುವ ಜಿಗಣೆಯ ಬಗ್ಗೆ ಬೇರೆಯೇ ಎಚ್ಚರ ಬೇಕು. ಬಗ್ಗಿ ಬಾಯಿಯಿಂದ ನೀರು ಕುಡಿಯುವಾಗ, ವುಝೂ ಮಾಡುತ್ತಾ ಮೂಗಿಗೆ ನೀರೆಳೆದುಕೊಳ್ಳುವಾಗ ಸಣ್ಣ ಮರಿ ಜಿಗಣೆ ಮೂಗಿನೊಳಗೆ ಸೇರಿಕೊಳ್ಳಬಹುದು. ವಾರಗಳ ನಂತರ ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಬಂದರೆ ವೈದ್ಯರಿಗೆ ಈ ವಿಷಯ ಹೇಳಿ. ನಿಂತ ನೀರು ಇನ್ನೂ ಅಪಾಯ. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಣಿಸಿಕೊಂಡ ಅಮೀಬಾ ಮೆದುಳು ಜ್ವರದ ರೋಗಾಣು ಇಂತಹ ನೀರಿನಿಂದ ಮೂಗಿನ ಮೂಲಕವೇ ಮೆದುಳಿಗೆ ಹೋಗುತ್ತದೆ. ಆದ್ದರಿಂದ ಕಾಡಿನಲ್ಲಿ ವುಝೂ ಮಾಡಲು ಬಾಟಲಿಯ ಶುದ್ಧ ನೀರನ್ನೇ ಮಿತವಾಗಿ ಬಳಸಿ.

ಇಂಬಳಕ್ಕಿಂತ ಉಣುಗಿಗೆ ಹೆದರಿ

ಮಳೆ ನಿಂತ ಮೇಲೆ ಇಂಬಳ ಕಡಿಮೆಯಾಗುತ್ತದೆ. ಚಾರಣಿಗರು ಹೆಚ್ಚು ಹೋಗುವುದೂ ಆಗಲೇ. ಆದರೆ ಆ ಹೊತ್ತಿಗೆ ಒಣಗಿದ ಎಲೆಗಳ ನಡುವೆ ಉಣುಗು, ಅಂದರೆ ಉಣ್ಣಿ ಹೆಚ್ಚಾಗುತ್ತದೆ. ಮರಿ ಉಣುಗು ಎಳ್ಳಿನ ಕಾಳಿಗಿಂತಲೂ ಚಿಕ್ಕದು. ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮಂಗನ ಕಾಯಿಲೆಯನ್ನು ಹರಡುವುದು ಇದೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಈ ಕಾಯಿಲೆ ಮೊದಲು ಪತ್ತೆಯಾಯಿತು. ಹಾಗಾಗಿ ವೈದ್ಯಲೋಕದಲ್ಲಿ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ ಭಾಗಗಳಲ್ಲಿ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಇದರ ಹಾವಳಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜೋರು ಜ್ವರ, ಹಣೆಯ ಭಾಗದಲ್ಲಿ ವಿಪರೀತ ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಯಾವ ಪದ್ಧತಿಯಲ್ಲೂ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ದೇಹದ ನೀರು, ರಕ್ತ, ಒತ್ತಡಗಳನ್ನು ಕಾಪಾಡಿ ಉಳಿಸುತ್ತಾರೆ. ಹಾಗಾಗಿ ತಡೆಯುವುದೇ ದೊಡ್ಡ ಮದ್ದು.

ಪೂರ್ತಿ ಕೈಕಾಲು ಮುಚ್ಚುವ ತಿಳಿ ಬಣ್ಣದ ಬಟ್ಟೆ ಧರಿಸಿ. ಪ್ಯಾಂಟಿನ ತುದಿಯನ್ನು ಸಾಕ್ಸ್‌ನೊಳಗೆ ಸೇರಿಸಿ. ಉಣುಗು ದೂರವಿಡುವ ಎಣ್ಣೆ ಅಥವಾ ಮುಲಾಮನ್ನು ತೆರೆದ ಚರ್ಮಕ್ಕೆ ಹಚ್ಚಿ. ಮಲೆನಾಡಿನ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಡೇಪಾ ಎಣ್ಣೆ ಕೊಡುವುದುಂಟು, ಕೇಳಿ ನೋಡಿ. ಒಣ ಎಲೆಗಳ ಮೇಲೆ ಕೂರಬೇಡಿ, ಮಲಗಬೇಡಿ. ನಮಾಝ್‌ಗೆ ದಪ್ಪ ಚಾಪೆ ಹಾಸಿ, ಎದ್ದ ಮೇಲೆ ಚೆನ್ನಾಗಿ ಕೊಡವಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಸಂಜೆ ಬಂದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ಕೂದಲಿನ ಬುಡ ಪರೀಕ್ಷಿಸಿ. ಮಕ್ಕಳದ್ದನ್ನು ತಾಯಂದಿರೇ ನೋಡಿ. ಉಣುಗು ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ.

ಕುಡಿಯುವ ನೀರು, ದಾಟುವ ನೀರು

ಬೆಟ್ಟದ ಝರಿ ಕನ್ನಡಿಯಂತೆ ತಿಳಿಯಾಗಿರುತ್ತದೆ. ಮೇಲ್ಗಡೆ ದನ ಮೇಯುತ್ತಿರಬಹುದು, ನಮಗಿಂತ ಮೊದಲು ಹೋದವರು ಅಲ್ಲೇ ಬಹಿರ್ದೆಸೆಗೆ ಕೂತಿರಬಹುದು. ಕಣ್ಣಿಗೆ ಕಾಣುವ ಶುದ್ಧತೆಯನ್ನು ನಂಬಬೇಡಿ. ಪ್ರಯಾಣದಲ್ಲಿ ಬದಲಾಗುವ ನೀರಿನ ಬಗ್ಗೆ ಇಬ್ನ್ ಸೀನಾ ವಿಶೇಷವಾಗಿ ಎಚ್ಚರಿಸಿ, ಸೋಸಿ, ಕುದಿಸಿ ಕುಡಿಯಲು ಹೇಳಿದ್ದಾರೆ. ಇಂದಿನ ಸಲಹೆಯೂ ಅದೇ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಾದರೆ ಮೂರು ನಿಮಿಷ ಕುದಿಸಿ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಈ ಹೆಚ್ಚಿನ ಸಮಯ. ಬೆಂಕಿಯ ಸೌಲಭ್ಯವಿಲ್ಲದಿದ್ದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ.

ಇಲಿ ಜ್ವರದ ರೋಗಾಣು ಕುಡಿಯದೆಯೂ ದೇಹ ಸೇರುತ್ತದೆ. ಇಲಿ, ದನಗಳ ಮೂತ್ರ ಬೆರೆತ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಗಾಯವಿದ್ದರೆ ನೀರು ನುಗ್ಗದ ಪಟ್ಟಿ ಹಾಕಿಕೊಂಡೇ ನಡೆಯಿರಿ.

ಮಳೆಗಾಲದ ಹಳ್ಳದ ವಿಷಯದಲ್ಲಂತೂ ಸಾಹಸ ಬೇಡವೇ ಬೇಡ. ನೀವು ನಿಂತಲ್ಲಿ ಬಿಸಿಲಿರುತ್ತದೆ, ಮೇಲಿನ ಗುಡ್ಡದಲ್ಲಿ ಮಳೆ ಸುರಿದಿರುತ್ತದೆ. ಮೊಣಕಾಲುದ್ದದ ಹಳ್ಳ ಹತ್ತು ನಿಮಿಷದಲ್ಲಿ ಎದೆಮಟ್ಟ ಬರಬಹುದು. ನೀರು ಕೆಂಪಾಗುತ್ತಿದ್ದರೆ, ಎಲೆ, ಕಡ್ಡಿ ತೇಲಿ ಬರುತ್ತಿದ್ದರೆ ದಾಟಬೇಡಿ. ಜಲಪಾತದ ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಗೆ ಪ್ರತಿ ಮಳೆಗಾಲವೂ ಎಳೆಯ ಜೀವಗಳು ಹೋಗುತ್ತಿವೆ. ಅರಣ್ಯ ಇಲಾಖೆ ಮಳೆಗಾಲದಲ್ಲಿ ಕೆಲವು ದಾರಿಗಳನ್ನು ಮುಚ್ಚುವುದು ಸುಮ್ಮನೆ ಅಲ್ಲ. ಪರವಾನಗಿ ಪಡೆದು, ಮಾರ್ಗದರ್ಶಿಯ ಜತೆಯಲ್ಲೇ ಹೋಗಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಬೆರಳಿನ ಉಂಗುರ, ಬಳೆ, ಶೂ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಕೋಲಿನ ಆಸರೆ ಕೊಟ್ಟು ಕಟ್ಟಿ. ರೋಗಿಯನ್ನು ನಡೆಸದೆ ಹೊತ್ತು ತಂದು, 108ಕ್ಕೆ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಿ. ಬೇರು, ಮಂತ್ರ, ಮದ್ದು ಎಂದು ಒಂದು ಗಂಟೆಯನ್ನೂ ಕಳೆಯಬೇಡಿ.

ಒದ್ದೆ ಬಟ್ಟೆ, ಒದ್ದೆ ಪಾದ

ಚಳಿಗೆ ಸಾಯಲು ಹಿಮವೇ ಬೇಕೆಂದಿಲ್ಲ. ಘಟ್ಟದ ತುದಿಯಲ್ಲಿ ಮಳೆಗೆ ನೆಂದು, ಜೋರು ಗಾಳಿಗೆ ಎರಡು ಗಂಟೆ ನಿಂತರೂ ದೇಹದ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಜೀನ್ಸ್, ದಪ್ಪ ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತವೆ, ಬೇಗ ಒಣಗುವುದಿಲ್ಲ. ನಡುಗುವುದು ಮೊದಲ ಸೂಚನೆ. ಆಮೇಲೆ ಮಾತು ತೊದಲುತ್ತದೆ, ಕೈಯಿಂದ ವಸ್ತು ಜಾರುತ್ತದೆ, ದಾರಿ ತಪ್ಪಿದವರಂತೆ ವರ್ತಿಸುತ್ತಾರೆ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿ ಮಂಕಾದರೆ ಅದು ಸುಧಾರಣೆಯಲ್ಲ, ಹೆಚ್ಚಿನ ಅಪಾಯ. ಗಾಳಿಯಿಂದ ಮರೆ ಮಾಡಿ, ಒಣ ಬಟ್ಟೆ ತೊಡಿಸಿ, ಹೊದಿಸಿ, ಪ್ರಜ್ಞೆ ಸರಿಯಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಪಾದಕ್ಕೂ ಒಣಗುವ ಅವಕಾಶ ಬೇಕು. ವುಝೂ ಮಾಡಿದ ಮೇಲೆ ಬೆರಳ ಸಂದುಗಳನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಸಾಕ್ಸ್ ಹಾಕಿ. ಒದ್ದೆ ಪಾದಕ್ಕೆ ಶೂ ಹಾಕಿ ನಡೆದರೆ ಗುಳ್ಳೆ, ಬೆರಳ ಸಂದಿನ ಹುಳಿತ ಖಚಿತ. ಸಕ್ಕರೆ ಕಾಯಿಲೆಯವರಿಗೆ ಈ ಸಣ್ಣ ಗುಳ್ಳೆಯೇ ತಿಂಗಳುಗಟ್ಟಲೆ ಮಾಯದ ಗಾಯವಾಗುತ್ತದೆ. ಪಾದ ಉಜ್ಜುತ್ತಿದೆ ಅನಿಸಿದ ಕೂಡಲೇ ನಿಂತು ಅಲ್ಲಿಗೆ ಅಂಟುಪಟ್ಟಿ ಹಾಕಿ. ಗುಂಪು ಮುಂದೆ ಹೋಗಲಿ, ಐದು ನಿಮಿಷ ಕಾಯುತ್ತದೆ.

ಮಹಿಳೆಯರಿಗೆ ಎರಡು ಮಾತು

ಬೆಟ್ಟದ ದಾರಿಯಲ್ಲಿ ಶೌಚಾಲಯವಿರುವುದಿಲ್ಲ. ಹಾಗಾಗಿ ನಮ್ಮ ಮಹಿಳೆಯರು ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ಬಂದ ಮೂತ್ರವನ್ನು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಪ್ರವಾಸ ಮುಗಿಸಿ ಬಂದ ಮೇಲೆ ಉರಿಮೂತ್ರ, ಸೊಂಟನೋವು, ಚಳಿಜ್ವರ ಎಂದು ಬರುವವರಲ್ಲಿ ಇದೇ ಕಾರಣ ಹೆಚ್ಚು. ನೀರು ಕಡಿಮೆಯಾದರೆ ತಲೆಸುತ್ತು, ಸ್ನಾಯು ಸೆಳೆತವೂ ಬರುತ್ತವೆ. ಇದನ್ನು ಗಂಡಸರು ಅರ್ಥಮಾಡಿಕೊಳ್ಳಬೇಕು. ಎರಡು ಗಂಟೆಗೊಮ್ಮೆ ಗುಂಪನ್ನು ನಿಲ್ಲಿಸಿ, ಮಹಿಳೆಯರು ಜೊತೆಯಾಗಿ ಮರೆಗೆ ಹೋಗಿ ಬರಲು ಸಮಯ ಕೊಡಿ. ಒಂದು ದೊಡ್ಡ ದುಪಟ್ಟಾ ಅಥವಾ ಮಡಚುವ ಕೊಡೆ ಮರೆಗೆ ಸಾಕು. ನೀರಿನ ಸಣ್ಣ ಬಾಟಲಿ, ಟಿಶ್ಯೂ, ಪ್ಯಾಡ್‌ಗಳನ್ನು ಮರಳಿ ತರಲು ಗಟ್ಟಿ ಚೀಲ ಇರಲಿ. ಕಾಡಿನಲ್ಲಿ ಏನನ್ನೂ ಬಿಸಾಡಬೇಡಿ.

ಉಡುಪಿನ ಬಗ್ಗೆಯೂ ಯೋಚಿಸಿ. ನೆಲ ಮುಟ್ಟುವ ಅಂಚು ಕಲ್ಲು, ಬೇರುಗಳಿಗೆ ಸಿಕ್ಕಿ ಬೀಳಿಸುತ್ತದೆ. ಮೊಣಕಾಲಿಗಿಂತ ಕೆಳಗೆ ಬರುವ ಸಡಿಲ ಮೇಲಂಗಿ, ಕಣಕಾಲಲ್ಲಿ ಬಿಗಿಯಾಗುವ ಸಡಿಲ ಪ್ಯಾಂಟು, ಬೇಗ ಒಣಗುವ ಬಟ್ಟೆಯ ಮಕ್ಕನ, ಇಷ್ಟಿದ್ದರೆ ಮೈಯೂ ಮುಚ್ಚುತ್ತದೆ, ಇಂಬಳ, ಉಣುಗುಗಳಿಂದ ರಕ್ಷಣೆಯೂ ಸಿಗುತ್ತದೆ.

ಎತ್ತರದ ಬೆಟ್ಟ ಮತ್ತು 'ದಮ್‌ಗೀರಿ'

ಈಗ ಹಿಮಾಲಯಕ್ಕೆ ಬರೋಣ. ಬಾಬರನ ಸೋದರ ಸಂಬಂಧಿ ಮಿರ್ಝಾ ಹೈದರ್ ದುಘ್ಲಾತ್ 16ನೆಯ ಶತಮಾನದಲ್ಲಿ ಸೈನ್ಯದೊಂದಿಗೆ ಲಡಾಖ್‌ನ ಕಡೆ ಬಂದಿದ್ದರು. ಅವರು ಬರೆದ 'ತಾರೀಖೆ ರಶೀದಿ'ಯಲ್ಲಿ ಆ ಎತ್ತರದಲ್ಲಿ ಹೊರಗಿನವರನ್ನು ಹಿಡಿಯುವ ಒಂದು ಕಾಯಿಲೆಯ ವಿವರವಿದೆ. ಅದಕ್ಕೆ 'ದಮ್‌ಗೀರಿ' ಎಂದು ಹೆಸರು. ಅಂದರೆ ಉಸಿರನ್ನು ಹಿಡಿಯುವುದು. ಅವರ ಒಡೆಯ, ಕಾಶ್ಗರ್‌ನ ಸುಲ್ತಾನ್ ಸಈದ್ ಖಾನ್ 1533ರಲ್ಲಿ ಲಡಾಖ್‌ನಿಂದ ಮರಳುವ ದಾರಿಯಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡರು. ಸೈನ್ಯ, ಸಂಪತ್ತು ಯಾವುದೂ ಅವರನ್ನು ಉಳಿಸಲಿಲ್ಲ. ಇಂದು ವಿಮಾನದಲ್ಲಿ ಒಂದೂವರೆ ಗಂಟೆಯಲ್ಲಿ ದೆಹಲಿಯಿಂದ ಲೇಹ್ ತಲುಪುವ ನಮ್ಮನ್ನು ಕಾಡುವುದೂ ಅದೇ ದಮ್‌ಗೀರಿ.

ಕಾರಣ ಸರಳ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಲೇಹ್‌ನಲ್ಲಿ ಪ್ರತಿ ಉಸಿರಿಗೆ ನಮಗೆ ಸಿಗುವ ಆಮ್ಲಜನಕ ಸಮುದ್ರ ತೀರದ ಮೂರನೇ ಎರಡು ಭಾಗದಷ್ಟು ಮಾತ್ರ. 5,359 ಮೀಟರಿನ ಖರ್ದುಂಗ್ಲಾದಲ್ಲಿ ಸುಮಾರು ಅರ್ಧ. ಮಂಗಳೂರು, ಭಟ್ಕಳದ ಗಾಳಿಗೆ ಒಗ್ಗಿದ ದೇಹ ಹೆಚ್ಚು ಉಸಿರಾಡಿ, ಹೃದಯವನ್ನು ಜೋರಾಗಿ ಬಡಿಸಿ ಇದನ್ನು ಸರಿದೂಗಿಸಲು ಯತ್ನಿಸುತ್ತದೆ. ಅದಕ್ಕೆ ಕೆಲವು ದಿನ ಬೇಕು. ವಯಸ್ಸು, ಬಲ, ವ್ಯಾಯಾಮ ಇಲ್ಲಿ ರಕ್ಷಣೆಯಲ್ಲ. ಜಿಮ್‌ಗೆ ಹೋಗುವ 22ರ ಯುವಕ ಮಲಗಿದ್ದಾಗ 55ರ ತಾಯಿ ಆರಾಮಾಗಿ ಓಡಾಡುವುದುಂಟು. ಗಟ್ಟಿಮುಟ್ಟಾದವನು ಆತುರಪಡುವುದರಿಂದ ಅವನಿಗೇ ಅಪಾಯ ಹೆಚ್ಚು.

ಶ್ರೀನಗರ ಸುಮಾರು 1,600 ಮೀಟರ್. ಅಲ್ಲಿ ಈ ಭಯವಿಲ್ಲ. 2,500 ಮೀಟರ್ ದಾಟಿದ ಮೇಲೆ ಎಚ್ಚರ ಶುರು. ಗುಲ್ಮಾರ್ಗ್ ಸುಮಾರು 2,650 ಮೀಟರ್. ಅಲ್ಲಿಂದ ಗೊಂಡೋಲಾದ ಎರಡನೆಯ ಹಂತ ನಿಮ್ಮನ್ನು ಸ್ವಲ್ಪ ಹೊತ್ತಿನಲ್ಲೇ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಆರೋಗ್ಯವಂತರು ಅರ್ಧ ಗಂಟೆ ಇದ್ದು ಇಳಿದರೆ ತೊಂದರೆಯಾಗದು. ಹೃದಯ, ಶ್ವಾಸಕೋಶದ ರೋಗಿಗಳು ಮೊದಲ ಹಂತದಲ್ಲೇ ನಿಲ್ಲಲಿ.

ಸೂಚನೆಗಳನ್ನು ಹೀಗೆ ಗುರುತಿಸಿ

ಎತ್ತರ ತಲುಪಿದ 6ರಿಂದ 12 ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆಸುತ್ತು, ಇವುಗಳಲ್ಲಿ ಯಾವುದಾದರೂ ಇದ್ದರೆ ಅದನ್ನು ಪ್ರಯಾಣದ ಆಯಾಸ, ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬೇಡಿ. ಬೇರೆ ಕಾರಣ ಖಚಿತವಾಗುವವರೆಗೆ ಅದು ಎತ್ತರದ ಕಾಯಿಲೆಯೇ. ಈ ಹಂತದಲ್ಲಿ ಅಲ್ಲೇ ನಿಂತು ವಿಶ್ರಾಂತಿ ತೆಗೆದುಕೊಂಡರೆ ಒಂದೆರಡು ದಿನದಲ್ಲಿ ಗುಣವಾಗುತ್ತದೆ.

ಕಡೆಗಣಿಸಿ ಮೇಲೇರಿದರೆ ಎರಡು ಮಾರಕ ಸ್ಥಿತಿಗಳು ಬರಬಹುದು. ಮೊದಲನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ಉಗುರು ನೀಲಿಯಾಗುವುದು, ನೊರೆ ಅಥವಾ ಗುಲಾಬಿ ಬಣ್ಣದ ಕಫ. ಎರಡನೆಯದು ಮೆದುಳಿನ ಊತ. ಅಸಂಬದ್ಧ ಮಾತು, ವಿಪರೀತ ಮಂಪರು, ಅಮಲೇರಿದವರಂತೆ ತೂರಾಡುವುದು. ಸಂಶಯವಿದ್ದರೆ ಒಂದು ಸರಳ ಪರೀಕ್ಷೆ ಮಾಡಿ. ನೆಲದ ಮೇಲೆ ನೇರ ಗೆರೆಯಲ್ಲಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ ರಾತ್ರಿಯಾಗಿದ್ದರೂ, ಮಳೆಯಿದ್ದರೂ ತಕ್ಷಣ ಕೆಳಗಿಳಿಸಿ. ಬೆಳಗಾಗಲಿ ಎಂದು ಕಾಯಬೇಡಿ, ಒಬ್ಬರನ್ನೇ ಕಳಿಸಬೇಡಿ. ಆಮ್ಲಜನಕ ಸಿಕ್ಕರೆ ಕೊಡಿ, ಆದರೆ ಸಿಲಿಂಡರ್ ಸಿಕ್ಕಿತೆಂದು ಇಳಿಯುವುದನ್ನು ನಿಲ್ಲಿಸಬೇಡಿ.

ಮಾತನಾಡಲು ಬಾರದ ಪುಟ್ಟ ಮಕ್ಕಳು ತಲೆನೋವು ಎಂದು ಹೇಳಲಾರವು. ಎತ್ತರದಲ್ಲಿ ಮಗು ಕಾರಣವಿಲ್ಲದೆ ಅಳುತ್ತಿದ್ದರೆ, ಹಾಲು ಕುಡಿಯದಿದ್ದರೆ, ಆಟ ಬಿಟ್ಟು ಮಂಕಾಗಿದ್ದರೆ ಅದೇ ಸೂಚನೆ ಎಂದು ತಿಳಿಯಿರಿ.

ತಡೆಯಲು ಮೂರು ನಿಯಮ

ಒಂದು, ನಿಧಾನ. ವಿಮಾನದಲ್ಲಿ ಲೇಹ್ ತಲುಪಿದರೆ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಬಜಾರು ಸುತ್ತುವುದನ್ನೂ ಮೂರನೆಯ ದಿನಕ್ಕಿಡಿ. ರಸ್ತೆಯಲ್ಲಿ ಹೋಗುವವರಿಗೆ ಮನಾಲಿ ದಾರಿಗಿಂತ ಶ್ರೀನಗರ, ಕಾರ್ಗಿಲ್ ಮಾರ್ಗ ಒಳ್ಳೆಯದು. ಕಾರ್ಗಿಲ್ ಸುಮಾರು 2,700 ಮೀಟರಿನಲ್ಲಿರುವುದರಿಂದ ಅಲ್ಲಿ ರಾತ್ರಿ ಕಳೆದರೆ ದೇಹಕ್ಕೆ ಹಂತ ಹಂತವಾಗಿ ಒಗ್ಗುವ ಅವಕಾಶ ಸಿಗುತ್ತದೆ. ಮನಾಲಿ ದಾರಿಯಲ್ಲಿ ಸರ್ಚುವಿನಂತಹ 4,200 ಮೀಟರಿಗೂ ಎತ್ತರದ ಜಾಗದಲ್ಲಿ ಮೊದಲ ರಾತ್ರಿಯೇ ಮಲಗಬೇಕಾಗಬಹುದು.

ಎರಡು, ಮಲಗುವ ಎತ್ತರ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಮಲಗಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಿರಿ. ಹಗಲು ಎತ್ತರಕ್ಕೆ ಹೋಗಿ ಬಂದು ಕೆಳಗೆ ಮಲಗಿದರೆ ತೊಂದರೆ ಕಡಿಮೆ. 4,200 ಮೀಟರಿಗೂ ಎತ್ತರದ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ರಾತ್ರಿ ತಂಗುವ ಆಸೆಯಿದ್ದರೆ ಅದನ್ನು ಪ್ರವಾಸದ ಕೊನೆಗೆ ಇಡಿ.

ಮೂರು, ತಲೆನೋವಿದ್ದಾಗ ಮೇಲೆ ಹೋಗುವುದಿಲ್ಲ. ಹೆಚ್ಚುತ್ತಿದ್ದರೆ ಕೆಳಗೆ ಇಳಿಯುತ್ತೇವೆ. ಇದಕ್ಕೆ ವಿನಾಯಿತಿ ಇಲ್ಲ.

ಅಸೆಟಾಝೋಲಮೈಡ್ ಎಂಬ ಮಾತ್ರೆ ದೇಹ ಒಗ್ಗಿಕೊಳ್ಳಲು ನೆರವಾಗುತ್ತದೆ. ಎಂ.ಬಿ.ಬಿ.ಎಸ್. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ನಿದ್ದೆ ಮಾತ್ರೆ ಬೇಡ. ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ, ಅದನ್ನು ಅಂಗಿಯ ಒಳಜೇಬಿನಲ್ಲಿಡಿ. ಮಂಜುಗಡ್ಡೆಯಂತಹ ನೀರಿನಿಂದ ಆರೋಗ್ಯಕ್ಕೆ ಹಾನಿಯಾಗುವ ಸ್ಥಿತಿಯಿದ್ದು, ಬಿಸಿ ಮಾಡುವ ಅನುಕೂಲವೂ ಇಲ್ಲದಿದ್ದರೆ ತಯಮ್ಮುಮ್‌ನ ರಿಯಾಯಿತಿ ಇದೆ. ಅದರ ವಿವರವನ್ನು ಹೊರಡುವ ಮೊದಲೇ ಉಲಮಾಗಳಿಂದ ತಿಳಿದುಕೊಳ್ಳಿ.

ಯುನಾನಿ ಮದ್ದು ಎಲ್ಲಿಯವರೆಗೆ?

'ಡಾಕ್ಟ್ರೇ, ದಾರಿಗೆ ಒಂದು ಮದ್ದು ಕೊಡಿ' ಎಂದು ಕೇಳುವವರಿಗೆ ನಾನು ಕೊಡುವುದು ಸಣ್ಣ ಪಟ್ಟಿ. ವಾಕರಿಕೆಗೆ ಶುಂಠಿ, ನೆಗಡಿಗೆ ಜೋಶಾಂದಾ, ಮಲಬದ್ಧತೆಗೆ ಇಸಬ್ಗೋಲು, ನಡೆಯುವಾಗ ಶಕ್ತಿಗೆ ಖರ್ಜೂರ, ಒಣದ್ರಾಕ್ಷಿ, ಹುರಿಗಡಲೆ, ಬೆಲ್ಲ. ಹೊಟ್ಟೆ ಬಿರಿಯುವಂತೆ ಬಿರಿಯಾನಿ ತಿಂದು ಬೆಟ್ಟ ಹತ್ತಬೇಡಿ, ಹಗುರವಾಗಿ ಆಗಾಗ ತಿನ್ನಿ. ಆದರೆ ಶ್ವಾಸಕೋಶದ ನೀರಿಗೆ, ಮೆದುಳಿನ ಊತಕ್ಕೆ, ಹಾವಿನ ವಿಷಕ್ಕೆ, ಮಂಗನ ಕಾಯಿಲೆಗೆ ಖಮೀರಾ, ಮಾಜೂನ್ ಕೊಟ್ಟು ಕೂರುವುದು ಹಿಕ್ಮತ್ ಅಲ್ಲ. ಯಾವ ಕಾಯಿಲೆಗೆ ಎಲ್ಲಿ ಹೋಗಬೇಕೆಂದು ಹೇಳುವುದೂ ಹಕೀಮನ ಕರ್ತವ್ಯ.

ಇವುಗಳ ಜೊತೆ ಚೀಲದಲ್ಲಿ ಓ.ಆರ್.ಎಸ್. ಪೊಟ್ಟಣ, ಪ್ಯಾರಸಿಟಮಾಲ್, ಅಂಟುಪಟ್ಟಿ, ಬ್ಯಾಂಡೇಜು, ಚಿಮಟ, ಕ್ಲೋರಿನ್ ಮಾತ್ರೆ, ಟಾರ್ಚು, ಸೀಟಿ, ನಿತ್ಯದ ಮಾತ್ರೆಗಳು ಎರಡು ದಿನಕ್ಕೆ ಹೆಚ್ಚುವರಿಯಾಗಿ ಇರಲಿ.

ಮನೆಗೆ ಬಂದ ಮೇಲೆ ಜ್ವರ ಬಂದರೆ

ಕಾಡಿನಿಂದ ಬಂದ ಮೂರು ನಾಲ್ಕು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, 'ನಾನು ಇಂಥ ಕಾಡಿಗೆ, ಇಂಥ ದಿನ ಹೋಗಿದ್ದೆ.' ಈ ಒಂದು ವಾಕ್ಯ ಹತ್ತು ಪರೀಕ್ಷೆಗಳಿಗೆ ಸಮ. ಮೀನಖಂಡದಲ್ಲಿ ವಿಪರೀತ ನೋವು, ಕೆಂಪು ಕಣ್ಣು, ಹಳದಿ ಮೂತ್ರ ಇದ್ದರೆ ಇಲಿ ಜ್ವರವಿರಬಹುದು. ಮೈಮೇಲೆ ಎಲ್ಲಾದರೂ ಸಿಗರೇಟಿನಿಂದ ಸುಟ್ಟಂತಹ, ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್ ಇರಬಹುದು. ಇವೆರಡೂ ಮೊದಲ ದಿನಗಳಲ್ಲಿ ಗುರುತಿಸಿದರೆ ಕಡಿಮೆ ಬೆಲೆಯ ಆಂಟಿಬಯಾಟಿಕ್‌ನಿಂದ ವಾಸಿಯಾಗುತ್ತವೆ. ತಡವಾದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳನ್ನು ಹಾಳುಮಾಡುತ್ತವೆ. ಮೆಡಿಕಲ್ ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗುತ್ತಾ ಐದು ದಿನ ಕಳೆಯಬೇಡಿ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ವಿನಂತಿ. ಹೊರಡುವ ಹಿಂದಿನ ರಾತ್ರಿ ಎಲ್ಲರನ್ನೂ ಕೂರಿಸಿ ಹೇಳಿ: 'ಯಾರಿಗೆ ಏನೇ ಆದರೂ ಕೂಡಲೇ ಹೇಳಬೇಕು. ಹೇಳಿದವರನ್ನು ಯಾರೂ ಗೇಲಿ ಮಾಡಬಾರದು. ಒಬ್ಬರಿಗೆ ಆಗದಿದ್ದರೆ ಎಲ್ಲರೂ ತಿರುಗಿ ಬರುತ್ತೇವೆ.' ಗುಂಪಿನ ವೇಗ ಅತಿ ನಿಧಾನವಾಗಿ ನಡೆಯುವವರ ವೇಗವಾಗಿರಲಿ. ಖರ್ಚು ಮಾಡಿದ ಹಣ, ತೆಗೆದುಕೊಂಡ ರಜೆ, ಅರ್ಧಕ್ಕೆ ಬಿಟ್ಟ ಶಿಖರ, ಇವೆಲ್ಲ ಮುಂದಿನ ವರ್ಷ ಮತ್ತೆ ಸಿಗುತ್ತವೆ. ಹೋದಷ್ಟೇ ಜನ ಮನೆಗೆ ಮರಳುವುದು ಮುಖ್ಯ.